ಬೇರು ನಿದ್ದೆಯಲ್ಲಿದ್ದಾಗ

ಬಾಟಲಿಯ ಮುಚ್ಚಳ ಪುಸ್ಸೆಂದು ಬಿಟ್ಟುಕೊಂಡಿತು. ಸದ್ದು ಸರಿಯಾಗಿಯೇ ಇತ್ತು. ಅಷ್ಟರಿಂದಲೇ ಸಿರಿಲ್ ಟ್ರೋಮನ್ಸನಿಗೆ ಬಿಯರು ಕೆಟ್ಟಿಲ್ಲವೆಂದು ಗೊತ್ತಾಗಿಹೋಯಿತು. ಕೆಟ್ಟಿರಲಿ, ಕೆಟ್ಟಿರಲಿ ಎಂದು ಹನ್ನೆರಡು ದಿನದಿಂದ ಅವನೊಳಗೆ ಯಾರೋ ಜಪ ಮಾಡುತ್ತಿದ್ದರು. ಹುಳಿಯಾಗಿದ್ದರೆ, ಮೇಲೆ ಬಿಳಿಯ ಪೊರೆ ಕಟ್ಟಿದ್ದರೆ, ಎಲ್ಲವನ್ನೂ ಚರಂಡಿಗೆ ಸುರಿದು, ಬಕೆಟ್ಟು ತೊಳೆದು ಬೋರಲು ಹಾಕಿ, ಅಣ್ಣ ಜೇಬೆಜನ ಮುಂದೆ ಹೋಗಿ ಕೈಯಲ್ಲಿ ಟೋಪಿ ತಿರುವುತ್ತಾ, ಈ ಸಲ ಕೈಕೊಟ್ಟಿತು ಎಂದು ಹೇಳಿ ಕೂತುಬಿಡಬಹುದಿತ್ತು. ಅಣ್ಣ ಬೈಯುತ್ತಿದ್ದ. ಅಣ್ಣನ ಕೈಲಿ ಬೈಸಿಕೊಳ್ಳುವುದು ಸಿರಿಲನಿಗೆ ಅರವತ್ತಾರು ವರ್ಷದ ಅಭ್ಯಾಸ. ಅದರಲ್ಲಿ ಒಂದು ಬಗೆಯ ಸುಖವೂ ಇತ್ತು. ಆದರೆ ಈ ದರಿದ್ರದ್ದು, ವರ್ಷವರ್ಷವೂ ಒಂದಲ್ಲ ಒಂದು ಕೊಂಕು ತೋರಿಸುತ್ತಿದ್ದದ್ದು, ಈ ಸಲವೇ ಇಷ್ಟು ಚೊಕ್ಕವಾಗಿ ಬರಬೇಕೆ? ಲೋಟಕ್ಕೆ ಬಗ್ಗಿಸಿದ. ಕಪ್ಪಗೆ ಇಳಿಯಿತು. ಕಿಟಕಿಗೆ ಹಿಡಿದರೆ ಅಂಚಿನಲ್ಲಿ ಕೆಂಪು. ಬೆಲ್ಲದ ಬಣ್ಣದ ನೊರೆ ಎರಡು ಬೆರಳು ಎದ್ದು ನಿಂತಿತು.

"ಏನು, ಕೆಟ್ಟಿದ್ಯಾ?" ಸಿಂಕಿನ ಮುಂದೆ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದ ಹೆಂಡತಿ ಎಡ್ನಾ ತಿರುಗಿ ನೋಡದೆಯೇ ಕೇಳಿದಳು.

"ಇಲ್ಲ. ಚೆನ್ನಾಗೇ ಬಂದಿದೆ."

"ಮತ್ತೆ ಸಾವಿನ ಮನೆಗೆ ಬಂದೋನ ಹಾಗೆ ಯಾಕೆ ನಿಂತಿದೀಯ? ತಗೊಂಡ್ಹೋಗು. ಕುಡಿಸು. ಕುಡಿಸಿ ಬಾಯಿಬಿಟ್ಟು ಹೇಳ್ಬಿಡು."

"ಏನು ಹೇಳ್ಲಿ?"

"ಅಯ್ಯೋ, ನನ್ನನ್ನ ಕೇಳ್ತಾನೆ ನೋಡು! ಹಿತ್ತಲ ಗೋಡೆ ಮೇಲೆ ಹನ್ನೆರಡಡಿ ನಿಂತಿದೆಯಲ್ಲಪ್ಪ, ಅದನ್ನ ಹೇಳು. ಏಳು ತಿಂಗಳಾಯ್ತು, ಹೊಟ್ಟೇಲಿ ಕಲ್ಲಿಟ್ಕೊಂಡೋನ ಹಾಗೆ ಓಡಾಡ್ತಿದೀಯ. ಅತ್ತಾದ್ರೂ ಹಗುರ ಮಾಡ್ಕೋ ಅಂದ್ರೆ ಅದೂ ನಿಂಗೆ ಬರಲ್ಲ. ನಿಮ್ಮಮ್ಮ ಹೋದಾಗ್ಲೂ ಸ್ಯಾಂಡ್‌ವಿಚ್ ತಟ್ಟೆ ಹಿಡ್ಕೊಂಡು ಎಲ್ಲರನ್ನೂ ಉಪಚಾರ ಮಾಡ್ತಾ ನಿಂತಿದ್ದೆ."

ಅದು ನಿಜ. ಸಿರಿಲ್ ಹೋಗಿ ಹಿತ್ತಲ ಬಾಗಿಲಲ್ಲಿ ನಿಂತ. ತೆಂಕಣಕ್ಕೆ ಮುಖ ಮಾಡಿದ ಇಟ್ಟಿಗೆ ಗೋಡೆಯ ಮೇಲೆ ಬೆಳಗಿನ ಬಿಸಿಲು ಆಗಲೇ ಬಿದ್ದಿತ್ತು. ಬಿಯರಿಗೆ ಹಾಕುವ ಹೂ ಬಿಡಿಸಿಕೊಂಡ ಹಾಪ್ ಬಳ್ಳಿ ಹುರಿಗೆ ಬಲಕ್ಕೆ ಸುತ್ತಿಕೊಂಡು ಇನ್ನೂ ಹಸಿರಾಗಿಯೇ ನಿಂತಿತ್ತು. ಈ ಬೇರು ಅಮ್ಮನದು. ತಮ್ಮೂರು ನೆದರ್ಟನ್ನಿನ ಹೆಂಗಸರೆಲ್ಲ ಸೆಪ್ಟೆಂಬರಿನಲ್ಲಿ ಮಕ್ಕಳುಮರಿ, ತಗಡಿನ ಪೆಟ್ಟಿಗೆ, ಕೆಟಲು ಸಮೇತ ರೈಲು ಹತ್ತಿ ವುಸ್ಟರ್ ಕಡೆಗೆ ಹಾಪ್ ಬಿಡಿಸಲು ಹೋಗುತ್ತಿದ್ದ ಕಾಲದಲ್ಲಿ, ಒಂದು ವರ್ಷ ಅಮ್ಮ ಒಡೆಯನ ಕಣ್ಣು ತಪ್ಪಿಸಿ ಬೇರಿನ ಒಂದು ತುಂಡನ್ನು ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿ, ಏಪ್ರನ್ನಿನ ಜೇಬಿನಲ್ಲಿ ತಂದಿದ್ದಳು. ರೈಲಿನಲ್ಲಿ ಎಲ್ಲರ ಮೈಯಿಂದಲೂ ಹಾಪಿನ ಘಾಟು ಬರುತ್ತಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ. ತಂದು, ಕಾಲುವೆಯ ಪಕ್ಕದ ಬಾಡಿಗೆ ತೋಟದ ತುಂಡಿನಲ್ಲಿ, ಹಳೆಯ ಗಣಿಯ ಕಸದ ದಿಬ್ಬದ ಬುಡದಲ್ಲಿ ನೆಟ್ಟಳು. ಕಳ್ಳಬೇರು ಚೆನ್ನಾಗಿ ಹತ್ತುತ್ತೆ ಕಣ್ರೋ ಎಂದು ನಗುತ್ತಿದ್ದಳು. ಅಮ್ಮ ಸತ್ತಮೇಲೆ ತೋಟ ಜೇಬೆಜನಿಗೆ ಹೋಯಿತು, ದೊಡ್ಡವನಲ್ಲವೆ. ಬಳ್ಳಿಯೂ ಹೋಯಿತು, ಬಿಯರು ಕುದಿಸುವ ಹಂಡೆಯೂ ಹೋಯಿತು, ಯಾವಾಗ ಏನು ಹಾಕಬೇಕೆಂದು ಹೇಳುವ ಅಧಿಕಾರವೂ ಹೋಯಿತು. ಸಿರಿಲನಿಗೆ ಹಂಡೆ ತೊಳೆಯುವ ಕೆಲಸ ಬಂತು. ನಮ್ ಮರಿ ಚೆನ್ನಾಗಿ ತೊಳೀತಾನೆ ಎಂದು ಜೇಬೆಜ್ ಪಬ್ಬಿನಲ್ಲಿ ಹತ್ತು ಜನರ ಮುಂದೆ ಹೇಳಿದಾಗ ಸಿರಿಲ್ ಕೂಡ ಎಲ್ಲರ ಜೊತೆ ನಕ್ಕಿದ್ದ. ಆಗ ಅವನಿಗೆ ಐವತ್ತೆರಡು. ಆ ನಗು ಬಾಯಲ್ಲಿ ಎಷ್ಟು ಹೊತ್ತು ಹಾಗೆಯೇ ಉಳಿದಿತ್ತೆಂಬುದು ಅವನಿಗೆ ಈಗಲೂ ನೆನಪಿದೆ.

ಮೈಲ್ಡ್ ಎಂಬ ಆ ಕಪ್ಪು ಬಿಯರಿನ ಎರಡು ಬಾಟಲಿಗಳನ್ನು ಟವಲಿನಲ್ಲಿ ಸುತ್ತಿ ಚೀಲದಲ್ಲಿ ನಿಲ್ಲಿಸಿಕೊಂಡು, ಅಲುಗಾಡದಂತೆ ಎದೆಗೆ ಆನಿಸಿ ಹಿಡಿದು, ಸಿರಿಲ್ ಕಾಲುವೆಯ ದಾರಿ ಹಿಡಿದ. ಬಸ್ಸಿನಲ್ಲಿ ಹೋಗಬಹುದಿತ್ತು, ಹತ್ತು ನಿಮಿಷ. ನಡೆದರೆ ಮುಕ್ಕಾಲು ಗಂಟೆ. ಮುಕ್ಕಾಲು ಗಂಟೆಯಲ್ಲಿ ಏನಾದರೂ ಆಗಬಹುದು, ಬಾಟಲಿ ಬಿದ್ದು ಒಡೆಯಬಹುದು, ಅಥವಾ, ಇಲ್ಲ, ಆ ಇನ್ನೊಂದನ್ನು ಅವನು ಯೋಚಿಸಲಿಲ್ಲ. ಫೆಬ್ರವರಿಯಲ್ಲಿ ಅದನ್ನೇ ಯೋಚಿಸಿ ಕೆಟ್ಟಿದ್ದು ಸಾಲದೆ? ಆಗ ಆಸ್ಪತ್ರೆಯ ಏಳನೇ ವಾರ್ಡಿನಲ್ಲಿ ಜೇಬೆಜ್ ಕಣ್ಣುಮುಚ್ಚಿ ಮಲಗಿದ್ದ. ನಲವತ್ತು ವರ್ಷ ಫೌಂಡ್ರಿಯಲ್ಲಿ ಎರಕದ ಮರಳು ಕೊಡವಿದವನ ಎದೆಯೊಳಗಿಂದ ಆ ಮರಳೇ ಉಜ್ಜಿದ ಸದ್ದು ಬರುತ್ತಿತ್ತು. ನರ್ಸು ಅತ್ತಿಗೆ ಹಿಲ್ಡಾಳನ್ನು ಕಾರಿಡಾರಿಗೆ ಕರೆದು, ನೋಡಬೇಕೆನ್ನುವವರನ್ನೆಲ್ಲ ಕರೆಸಿಬಿಡಿ ಎಂದಿದ್ದಳು. ಸಿರಿಲ್ ಅಣ್ಣನ ಕೈ ಹಿಡಿದು ಕೂತ. ಕೈ ಬಿಸಿಯಾಗಿತ್ತು, ಉಗುರು ನೀಲಿ. ಅವನಿಗೆ ದುಃಖ ಬರಲಿಲ್ಲ. ಬರುತ್ತದೆ ಬರುತ್ತದೆ ಎಂದು ಕಾದ. ಬದಲಿಗೆ ಬಂದದ್ದು ತೋಟದ ಯೋಚನೆ. ಬಾಡಿಗೆಗೆ ಹಿಡಿದವ ಸತ್ತರೆ ತೋಟದ ಕಮಿಟಿಯವರು ವಾರದೊಳಗೆ ಬಂದು ಎಲ್ಲ ಕಿತ್ತು ಬೆಂಕಿ ಹಾಕುತ್ತಾರೆ. ಹಾಪ್ ಬೇರೆಂದು ಅವರಿಗೇನು ಗೊತ್ತು, ಕಳೆ ಎಂದು ಸುಟ್ಟೇ ಬಿಡುತ್ತಾರೆ. ಬೇರನ್ನು ಎತ್ತುವುದಿದ್ದರೆ ಅದು ನಿದ್ದೆಯಲ್ಲಿದ್ದಾಗಲೇ ಎತ್ತಬೇಕು, ಮಾರ್ಚಿನಲ್ಲಿ ಮೊಳಕೆ ಕಣ್ಣುಬಿಟ್ಟಮೇಲೆ ಮುಟ್ಟಿದರೆ ಸಾಯುತ್ತದೆ. ಇದೆಲ್ಲ ಸರಿಯಾದ ಮಾತೇ. ಎಡ್ನಾಳಿಗೂ ಇದನ್ನೇ ಹೇಳಿದ್ದ, ಅವಳೂ ಸರಿ ಎಂದಿದ್ದಳು. ಮರುದಿನ ಬೆಳಿಗ್ಗೆ ಗುದ್ದಲಿ, ಫೋರ್ಕು, ಗೋಣಿಚೀಲ ಹಿಡಿದುಕೊಂಡು ತೋಟಕ್ಕೆ ಹೋದ. ಆಸ್ಪತ್ರೆಯಿಂದ ಫೋನು ಬರಲೆಂದು ಒಂದು ದಿನವಾದರೂ ಕಾಯಬಹುದಿತ್ತು. ಕಾಯಲಿಲ್ಲ.

ನಾಲ್ಕನೆಯ ದಿನ ಜೇಬೆಜ್ ಕಣ್ಣುಬಿಟ್ಟು ಚಹಾ ಕೇಳಿದ. ಆಮೇಲೆ ಶನಿವಾರದ ಫುಟ್‌ಬಾಲ್ ಏನಾಯಿತೆಂದು ಕೇಳಿ, ಸೋತರು ಎಂದಾಗ, ನಾನು ಸತ್ತಿದ್ರೂ ಇವ್ರು ಗೆಲ್ತಿರಲಿಲ್ಲ ಬಿಡು ಎಂದ. ವಾರ್ಡಿನಲ್ಲಿದ್ದವರೆಲ್ಲ ನಕ್ಕರು. ಸಿರಿಲ್ ನಕ್ಕು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ಬೇರು ಆಗಲೇ ಹಿತ್ತಲ ಗೋಡೆಯ ಬುಡದಲ್ಲಿ, ಒಳ್ಳೆಯ ಗೊಬ್ಬರ ಹಾಸಿದ ಗುಂಡಿಯಲ್ಲಿ, ಗಟ್ಟಿಯಾಗಿ ಕೂತಿತ್ತು. ಈಗಲೇ ಕಿತ್ತು ವಾಪಸು ನೆಡೋಣವೆಂದು ಆ ಸಂಜೆ ಮಣ್ಣು ಸರಿಸಿ ನೋಡಿದ. ಎರಡು ಕೆಂಪು ಮೊಳಕೆಗಳು ಆಗಲೇ ತಲೆಯೆತ್ತಿದ್ದವು. ಬಿಸಿಲ ಗೋಡೆಯ ಕಾವಿಗೆ ಅವಕ್ಕೆ ಇಷ್ಟು ಬೇಗ ಎಚ್ಚರವಾಗಿಬಿಟ್ಟಿತ್ತು.

"ಓಹೋ, ಸಿರಿಲ್!" ಬೇಲಿಯ ಆಚೆಯಿಂದ ಯಾರೋ ಕೂಗಿದರು. ಸಿರಿಲ್ ಆಗಲೇ ದಿಬ್ಬದ ಬುಡಕ್ಕೆ ಬಂದಿದ್ದ. ಪಕ್ಕದ ತುಂಡಿನ ಅರ್ನಿ ಹ್ಯಾಕೆಟ್ ಈರುಳ್ಳಿ ಜಾತಿಯ ಲೀಕಿನ ಸಾಲುಗಳ ನಡುವೆ ಮೊಣಕಾಲೂರಿ ಕೂತಿದ್ದ. ಒಂದು ಲೀಕ್ ಪ್ರದರ್ಶನದಲ್ಲಿ ಯಾರ ಲೀಕು ದಪ್ಪ ಎಂಬುದರ ಮೇಲೆ ಜಗಳವಾಡಿ ಅರ್ನಿಯೂ ಜೇಬೆಜನೂ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಆ ಹಾಳು ಲೀಕಿನ ಪುಣ್ಯದಿಂದಲೇ ಸಿರಿಲನ ಗುಟ್ಟು ಇಂದಿನವರೆಗೆ ಉಳಿದಿತ್ತು.

"ಎಲ್ಲಿಗೆ, ಎದೆಗೆ ಮಗು ಅಪ್ಕೊಂಡು?"

"ನಮ್ ಜೇಬೆಜ್ ಮನೆಗೆ. ಮೈಲ್ಡು."

"ಇನ್ನೂ ಇದಾನಾ ಆ ಮುದಿಯ? ಗಟ್ಟಿ ಜೀವ ಬಿಡು. ನನ್ ಲೀಕು ಈ ವರ್ಷ ತೊಡೆ ಗಾತ್ರ ಬಂದಿದೆ ಅಂತ ಹೇಳು, ಹೊಟ್ಟೆಯುರಿಗೇ ಹೋಗ್ಲಿ." ಅರ್ನಿ ನಕ್ಕ. ಆಮೇಲೆ ತಲೆಯೆತ್ತಿ, "ಅಲ್ಲ, ನಿಂಗೇನು ಗಂಟಲು ಕಟ್ಟಿದ್ಯಾ? ಚಳಿಗಾಲದಿಂದ ನಿನ್ನ ಒಂದು ಸಿಳ್ಳೆ ಕೇಳಿಲ್ಲ ನಾನು. ಅವತ್ತು ಆ ಗುಂಡಿ ತೋಡೋವಾಗ ಎಷ್ಟು ಚೆನ್ನಾಗಿ ಹಾಕ್ತಿದ್ದೆ, ಚಾಪೆಲ್ ವಾರ್ಷಿಕೋತ್ಸವದ ರಾಗ. ನಾನು ಕೆಲಸ ಬಿಟ್ಟು ಕೇಳ್ತಾ ನಿಂತಿದ್ದೆ. ಕೊನೇ ಏರು ಬರುತ್ತಲ್ಲ, ಅದನ್ನ ನಿನ್ನ ಹಾಗೆ ಯಾರಿಗೂ ಹಾಕಕ್ಕೆ ಬರಲ್ಲಪ್ಪ."

ಸಿರಿಲ್ ಏನೋ ಗೊಣಗಿ ಮುಂದೆ ನಡೆದ. ಕಿವಿ ಬಿಸಿಯಾಗಿತ್ತು. ಎಡ್ನಾಳಿಗೆ ಬೇರಿನ ವಿಷಯ ಗೊತ್ತು, ಸಿಳ್ಳೆಯದು ಗೊತ್ತಿಲ್ಲ. ಬೇರು ಕಿತ್ತದ್ದಕ್ಕೆ ಕಾರಣ ಹೇಳಬಹುದು, ಕಮಿಟಿ, ಬೆಂಕಿ, ಅಮ್ಮನ ನೆನಪು, ಏನು ಬೇಕಾದರೂ. ಸಿಳ್ಳೆಗೆ ಏನು ಕಾರಣ ಹೇಳುತ್ತೀರಿ? ಅದು ಹಾಕಬೇಕೆಂದು ಹಾಕಿದ್ದಲ್ಲ. ಆ ಬೆಳಿಗ್ಗೆ ಹಿಮ ಕರಗಿ ಮಣ್ಣು ಮೆತ್ತಗಾಗಿತ್ತು, ಫೋರ್ಕು ಸಲೀಸಾಗಿ ಇಳಿಯುತ್ತಿತ್ತು, ಎಲ್ಲಿ ಅಗೆಯಬೇಕು ಎಷ್ಟು ಆಳ ಎಂದು ಹಿಂದಿನಿಂದ ಹೇಳುವವರು ಯಾರೂ ಇರಲಿಲ್ಲ. ಬೇರಿನ ಗಡ್ಡೆ ಪೂರ್ತಿಯಾಗಿ, ಒಂದು ಕವಲೂ ಮುರಿಯದೆ ಕೈಗೆ ಬಂದಾಗ ಅವನಿಗೆ ಸಂತೋಷವಾಗಿತ್ತು. ಅಷ್ಟೇ. ಬದುಕಿನಲ್ಲಿ ಮೊದಲ ಸಲ ತನ್ನ ಮೇಲೆ ಯಾರೂ ಇಲ್ಲವೆನ್ನಿಸಿದ ಬೆಳಿಗ್ಗೆ ಅದು. ಆಮೇಲೆ ತನ್ನ ತುಟಿ ಏನು ಮಾಡುತ್ತಿದೆಯೆಂದು ಗೊತ್ತಾದಾಗ ರಾಗ ಆಗಲೇ ಎರಡನೇ ಸುತ್ತಿಗೆ ಬಂದಿತ್ತು. ಗೊತ್ತಾದಮೇಲೂ ಕೊನೆಯ ಏರನ್ನು ಮುಗಿಸಿಯೇ ನಿಲ್ಲಿಸಿದ್ದ. ಇದನ್ನು ಅವನು ತನ್ನೊಳಗೇ ಎಷ್ಟೋ ಸಲ ಒಪ್ಪಿಕೊಂಡಿದ್ದಾನೆ, ಒಪ್ಪಿಕೊಂಡಷ್ಟೂ ಅದು ಹೊಸದಾಗಿಯೇ ಚುಚ್ಚುತ್ತದೆ.

ಅಣ್ಣನ ತುಂಡು ಇನ್ನೂ ಅಣ್ಣನ ಹೆಸರಿನಲ್ಲೇ ಇತ್ತು. ಗುಂಡಿ ಮುಚ್ಚಿ, ಹಾಪಿನ ಎರಡು ಎತ್ತರದ ಗಳುಗಳಿಗೆ ಸಿರಿಲ್ ಬೀನ್ಸ್ ಹಬ್ಬಿಸಿದ್ದ, ದೂರದಿಂದ ನೋಡಿದವರಿಗೆ ಏನೋ ಹಸಿರು ಕಾಣಲಿ ಎಂದು. ಹಾಪ್ ಬಲಕ್ಕೆ ಸುತ್ತುತ್ತದೆ, ಬೀನ್ಸ್ ಎಡಕ್ಕೆ. ಗೊತ್ತಿದ್ದವರ ಕಣ್ಣಿಗೆ ಆ ಗಳುಗಳು ಕೂಗಿ ಹೇಳುತ್ತಿದ್ದವು. ಅವನು ಆ ಕಡೆ ನೋಡದೆ ದಾಟಿದ. ಗಂಟೆ ಹನ್ನೊಂದಾಗಿದ್ದರೂ ದಿಬ್ಬದ ನೆರಳು ತೋಟದ ಮೇಲೆ ಇನ್ನೂ ಮಲಗಿತ್ತು. ನೆರಳಿನಲ್ಲಿ ನಡೆಯುವಷ್ಟು ದೂರ ಕೋಟಿನ ಗುಂಡಿ ಹಾಕಿಕೊಂಡು, ಬಿಸಿಲಿಗೆ ಬಂದಮೇಲೆ ಬಿಚ್ಚಿದ.

ಏಪ್ರಿಲಿನಿಂದ ಪ್ರತಿ ಶನಿವಾರ ಅವನು ಸುಳ್ಳು ಹೇಳಿದ್ದ. ಬಳ್ಳಿ ಎಷ್ಟುದ್ದ ಬಂದಿದೆ, ಎಂದು ಜೇಬೆಜ್ ಕೇಳುತ್ತಿದ್ದ, ಅವನಿಗೆ ಹಾಸಿಗೆಯಿಂದ ಕಿಟಕಿಯವರೆಗೆ ಬರುವುದೇ ಪ್ರಯಾಣವಾಗಿತ್ತು. ಮಂಡಿಯುದ್ದ, ಎನ್ನುತ್ತಿದ್ದ ಸಿರಿಲ್. ಸೊಂಟದುದ್ದ. ಗಳುವಿನ ತುದಿ ಮುಟ್ಟಿತು. ಶುಕ್ರವಾರ ಸಂಜೆ ಹಿತ್ತಲಲ್ಲಿ ನಿಜವಾಗಿ ಅಳೆದು ನೋಡಿಯೇ ಮರುದಿನ ಹೇಳುತ್ತಿದ್ದ. ಸುಳ್ಳಾದರೂ ಅಳತೆ ತಪ್ಪಬಾರದೆಂಬ ನಿಯತ್ತು. ಜೂನಿನಲ್ಲಿ ಒಮ್ಮೆ ಜೇಬೆಜ್, ಈ ವರ್ಷ ಭಾರೀ ಅವಸರ ಮಾಡ್ತಿದೆಯಲ್ಲೋ, ಎಂದಿದ್ದ. ಸೆಖೆ ಜಾಸ್ತಿ ಅಲ್ವಾ, ಎಂದಿದ್ದ ಸಿರಿಲ್. ಜುಲೈಯಲ್ಲಿ ಜೇಬೆಜ್ ಕೇಳುವುದನ್ನು ಬಿಟ್ಟು ಬೇಡಿದ. ಅಣ್ಣ ಬೇಡಿದ್ದನ್ನು ಸಿರಿಲ್ ಅದುವರೆಗೆ ಕಂಡಿರಲಿಲ್ಲ. "ಕ್ರಿಸ್‌ಮಸ್ ನಂಗಿಲ್ಲ ಮರಿ. ನಮ್ಮ ಬಳ್ಳಿ ಹೂ ಹಾಕಿದ ಮೈಲ್ಡು ಒಂದು ಲೋಟ ಕುಡಿದು ಹೋಗ್ತೀನಿ. ನೀನೇ ಮಾಡು. ಈ ಸಲ ನಾನೇನೂ ಹೇಳ್ಕೊಡಲ್ಲ." ಅಮ್ಮನ ಬೇರು, ಅಣ್ಣನ ಬಾಯಿಗೆ. ಅದೊಂದು ಆಗಿಬಿಟ್ಟರೆ, ತಾನು ಉಸಿರಾಡುತ್ತಿದ್ದಾಗಲೇ ತಮ್ಮ ತನ್ನನ್ನು ಸತ್ತವರ ಲೆಕ್ಕಕ್ಕೆ ಸೇರಿಸಿದ್ದನೆಂಬುದು ತಿಳಿಯದೆಯೇ ಅವನು ಹೋಗಿಬಿಟ್ಟರೆ, ಸಿರಿಲನಿಗೆ ಇನ್ನೇನೂ ಬೇಡವಾಗಿತ್ತು. ಆಗಸ್ಟು ಮುಗಿಯುವುದರೊಳಗೆ ಹಿತ್ತಲಲ್ಲಿ ಹೂ ಬಲಿತವು. ಹಿಸುಕಿದರೆ ಕಾಗದದ ಸದ್ದು, ಬೆರಳಿಗೆ ಹಳದಿ ಪುಡಿ. ಅದೃಷ್ಟ ಎಂದುಕೊಂಡ. ಜಾಗ ಬದಲಾದ ಮೊದಲ ವರ್ಷವಾದ್ದರಿಂದ ಸಿಕ್ಕಿದ್ದು ಎರಡೇ ಬೊಗಸೆ. ಮೈಲ್ಡಿಗೆ ಬೇಕಾದದ್ದೂ ಅಷ್ಟೇ. ಅದು ಮಾಲ್ಟಿನ ಪಾನೀಯ, ಹುರಿದ ಧಾನ್ಯದ್ದು, ಹಾಪು ಅದರಲ್ಲಿ ಎಲ್ಲೋ ಹಿಂದೆ ನಿಂತಿರುತ್ತದೆ. ಯಾವ ಬಳ್ಳಿಯದು, ಯಾವ ಗೋಡೆಯದು ಎಂದು ಯಾವ ನಾಲಿಗೆಯೂ ಹೇಳಲಾರದು. ಹನ್ನೆರಡು ದಿನ ಇದನ್ನೇ ಸಿರಿಲ್ ತನಗೆ ಹೇಳಿಕೊಂಡಿದ್ದ.

ಬಾಗಿಲು ತೆರೆದ ಹಿಲ್ಡಾ ಏಪ್ರನ್ನಿಗೆ ಕೈ ಒರೆಸಿಕೊಂಡಳು. ಒಳಗಿನಿಂದ ಬಟಾಣಿಯೂ ಬೇಕನ್ನೂ ಬೇಯುವ ವಾಸನೆ ಬರುತ್ತಿತ್ತು. "ಬಾಪ್ಪ. ರಾತ್ರಿಯೆಲ್ಲ ನಿದ್ದೆಯಿಲ್ಲ. ನೀನು ಬರ್ತೀಯ ಅಂತ ಬೆಳಿಗ್ಗೆನೇ ಗಡ್ಡ ಮಾಡಿಸ್ಕೊಂಡ." ಮುಂದಿನ ಕೋಣೆಗೆ ಹಾಸಿಗೆ ಇಳಿಸಿ ತಿಂಗಳಾಗಿತ್ತು. ಕಿಟಕಿಯ ಪಕ್ಕ ಕಬ್ಬಿಣದ ಸಿಲಿಂಡರು, ಅದರಿಂದ ಮೂಗಿಗೆ ಕೊಳವೆ. ದಿಂಬುಗಳ ನಡುವೆ ಜೇಬೆಜ್ ಎಷ್ಟು ಚಿಕ್ಕವನಾಗಿದ್ದನೆಂದರೆ ಸಿರಿಲನಿಗೆ ಪ್ರತಿ ಶನಿವಾರವೂ ಹೊಸದಾಗಿ ನಾಚಿಕೆಯಾಗುತ್ತಿತ್ತು, ತನ್ನ ಭುಜಗಳು ಇನ್ನೂ ಅಗಲವಾಗಿರುವುದಕ್ಕೆ.

"ಬಂದ ನೋಡು ನಮ್ ಮರಿ," ಎಂದ ಜೇಬೆಜ್. ಮಾತುಮಾತಿನ ನಡುವೆ ಉಸಿರಿಗಾಗಿ ನಿಲ್ಲುತ್ತಿದ್ದ. "ಕೆಡಿಸ್ಕೊಂಡು ಬಂದ್ಯಾ, ಇಲ್ಲಾ ಬಿಯರು ತಂದ್ಯಾ?"

"ಕುಡಿದು ನೋಡಿ ಹೇಳು."

"ಎಷ್ಟು ದಿನದ್ದು?"

"ಕುದಿಸಿ ಹನ್ನೆರಡು."

"ಸರಿ. ಮೈಲ್ಡ್ ಅಂದ್ರೆ ಎಳೇದು." ಊರಾಚೆಯವರು ಮೈಲ್ಡ್ ಎಂದರೆ ಸಪ್ಪೆ ಎಂದುಕೊಂಡಾಗಲೆಲ್ಲ ಜೇಬೆಜ್ ಅವರನ್ನು ಪಬ್ಬಿನಲ್ಲಿ ಗೋಡೆಗೆ ಒತ್ತರಿಸಿ ನಿಲ್ಲಿಸಿ ಇದೇ ಪಾಠ ಹೇಳುತ್ತಿದ್ದ. "ಹಳೇದಾಗಿ ಹುಳಿಯಾಗದೇ ಇರೋದು. ಇಟ್ಕೊಂಡು ಕಾಯೋ ಮಾಲಲ್ಲ. ನನ್ ಹಾಗೆ. ಹಾಕು."

ಹಿಲ್ಡಾ ಲೋಟ ಹಿಡಿಯಲು ಬಂದಾಗ ಅವನು ತಲೆಯಾಡಿಸಿದ. ಸಿರಿಲನೇ ಹಿಡಿದ. ಅಣ್ಣನ ತುಟಿ ಗಾಜಿಗೆ ತಾಗಿತು, ಗಂಟಲ ಗಡ್ಡೆ ಒಮ್ಮೆ ಮೇಲೆ ಹೋಗಿ ಇಳಿಯಿತು. ನೊರೆ ಮೀಸೆಗೆ ಹತ್ತಿತು. ಜೇಬೆಜ್ ಕಣ್ಣುಮುಚ್ಚಿದ. ಎಷ್ಟು ಹೊತ್ತು ಮುಚ್ಚಿಯೇ ಇದ್ದನೆಂದರೆ ಹಿಲ್ಡಾ ಒಂದು ಹೆಜ್ಜೆ ಮುಂದೆ ಬಂದಳು. ಆಮೇಲೆ ಅವನ ಮುಖದಲ್ಲಿ ಏನೋ ಸಡಿಲವಾಯಿತು. "ನಮ್ಮದೇ," ಎಂದ. "ಅಮ್ಮನ ಏಪ್ರನ್ ವಾಸನೆ." ಹಿಲ್ಡಾ ಮೂಗೊರೆಸಿಕೊಳ್ಳುತ್ತಾ ಬಟಾಣಿ ನೋಡಲು ಒಳಗೆ ಹೋದಳು. ಸಿರಿಲನ ಎದೆಯಲ್ಲಿ ಏಳು ತಿಂಗಳ ಗಂಟು ಒಂದೇ ಸಲಕ್ಕೆ ಬಿಚ್ಚಿಕೊಂಡಿತು. ಆಯಿತು. ಮುಗಿಯಿತು. ಹೇಳಬೇಕಾದ್ದೇನೂ ಇಲ್ಲ, ಎಡ್ನಾ ಏನಾದರೂ ಅಂದುಕೊಳ್ಳಲಿ. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಅವನು ಮಾತಿಗೆ ಶುರುವಿಟ್ಟ, ಸಂತೋಷವಾದಾಗ ಹೆಚ್ಚು ಮಾತಾಡುವುದು ಅವನ ದೌರ್ಬಲ್ಯ. ಹೂ ಬಿಡಿಸಿದ ದಿನ ಎಂಥ ಬಿಸಿಲಿತ್ತು, ಬಿಸಿನೀರಿನ ಟ್ಯಾಂಕಿನ ಮೇಲೆ ಪರದೆ ಹಾಸಿ ಮೂರು ದಿನ ಹೇಗೆ ಒಣಗಿಸಿದ, ಬೆಡ್‌ಶೀಟಿಗೆಲ್ಲ ವಾಸನೆ ಹತ್ತಿತೆಂದು ಎಡ್ನಾ ಹೇಗೆ ಕೂಗಾಡಿದಳು.

"ಯಾವತ್ತು ಬಿಡಿಸ್ದೆ?" ಎಂದ ಜೇಬೆಜ್. ಕಣ್ಣು ಇನ್ನೂ ಮುಚ್ಚಿಯೇ ಇತ್ತು.

"ಇಪ್ಪತ್ತೆಂಟು. ಆಗಸ್ಟ್ ಇಪ್ಪತ್ತೆಂಟು. ಒಂದೊಂದು ಹೂವೂ ಹೀಗೆ ಬಲಿತು..."

ಸಿಲಿಂಡರು ಸಿಸ್ಸೆನ್ನುತ್ತಿತ್ತು. ಜೇಬೆಜ್ ಕಣ್ಣುಬಿಟ್ಟ. ತಮ್ಮನ ಮುಖ ನೋಡಲಿಲ್ಲ, ಕಿಟಕಿಯ ಕಡೆ ನೋಡಿದ. ಮನೆಗಳ ಚಾವಣಿಯ ಮೇಲೆ ದಿಬ್ಬದ ಕಪ್ಪು ತಲೆ ಅಲ್ಲಿಂದ ಕಾಣುತ್ತಿತ್ತು.

"ಇವತ್ತು ಎಷ್ಟನೇ ತಾರೀಕು?"

"ಹನ್ನೆರಡು."

"ಸೆಪ್ಟೆಂಬರ್ ಹನ್ನೆರಡು." ಉಸಿರೆಳೆದುಕೊಂಡ. "ಆ ದಿಬ್ಬದ ನೆರಳು ಮಧ್ಯಾಹ್ನದವರೆಗೂ ಏಳಲ್ಲ. ಸೆಪ್ಟೆಂಬರ್ ಕೊನೆಯ ಮೈಕೆಲ್ ಹಬ್ಬಕ್ಕೆ ಮುಂಚೆ ಅಲ್ಲಿ ಯಾವತ್ತಾದ್ರೂ ಹೂ ಬಲಿತಿದ್ಯಾ ಮರಿ? ಅಮ್ಮ ಇದ್ದಾಗಿಂದ ಹೇಳು. ಒಂದು ವರ್ಷ?"

ಸಿರಿಲನ ಕೈಯಲ್ಲಿ ಲೋಟವಿತ್ತು. ಅದನ್ನು ಎಲ್ಲಿ ಇಡಬೇಕೆಂದು ಅವನಿಗೆ ತಿಳಿಯಲಿಲ್ಲ. ಅರ್ಧ ಗಂಟೆಯ ಹಿಂದೆ ಅದೇ ನೆರಳಿನಲ್ಲಿ ಚಳಿಗೆ ಕೋಟಿನ ಗುಂಡಿ ಹಾಕಿಕೊಂಡಿದ್ದ. ನಾಲಿಗೆಗೆ ಗೊತ್ತಾಗದಂತೆ ಎಲ್ಲ ಜೋಪಾನ ಮಾಡಿ, ಅಳತೆಗೆ ಅಳತೆ ಒಪ್ಪಿಸಿ, ಬಿಸಿಲನ್ನು ಮರೆತಿದ್ದ. ನೆದರ್ಟನ್ನಿನಲ್ಲಿ ತೋಟ ಮಾಡಿದ ಯಾವ ಮೂರ್ಖನೂ ಮರೆಯದ್ದನ್ನು.

"ಎಲ್ಲಿದೆ?"

"ನಮ್ಮ ಹಿತ್ತಲಲ್ಲಿ."

"ತೆಂಕಣ ಗೋಡೆಗೆ."

"ಹೂಂ."

"ಬೇರು ನಿದ್ದೇಲಿದ್ದಾಗ್ಲೇ ಕಿತ್ತಿರ್ತೀಯ. ಅಷ್ಟು ಗೊತ್ತು ನಿಂಗೆ, ನಾನೇ ಹೇಳ್ಕೊಟ್ಟಿದ್ದು. ಅಂದ್ರೆ ಮಾರ್ಚಿಗೆ ಮುಂಚೆ." ಹೊದಿಕೆಯ ಮೇಲೆ ಜೇಬೆಜನ ಬೆರಳುಗಳು ತಿಂಗಳುಗಳನ್ನು ಹಿಂದಕ್ಕೆ ಎಣಿಸಿದವು, ಒಂದು ಕಡೆ ಬಂದು ನಿಂತವು. "ಏಳನೇ ವಾರ್ಡು. ಆಗ ನಾನೂ ನಿದ್ದೇಲೇ ಇದ್ದೆ."

"ಕಮಿಟಿಯೋರು ಸುಟ್ಬಿಡ್ತಾರೆ ಅಂತ... ಅಮ್ಮಂದು ಅಂತ..."

"ಸತ್ತೋರ ತೋಟ ಸುಡ್ತಾರೆ ಕಣೋ. ನಾನು ಸತ್ತಿರಲಿಲ್ಲ."

ಅಡುಗೆಮನೆಯಲ್ಲಿ ಹಿಲ್ಡಾ ಪಾತ್ರೆಯ ಮುಚ್ಚಳ ಇಟ್ಟ ಸದ್ದು ಬಂತು. ಸಿರಿಲ್ ಕಾರ್ಪೆಟ್ಟಿನ ಹೂಗಳನ್ನು ನೋಡುತ್ತಾ ಕೂತ. ಬೈಯಲಿ ಎಂದು ಕಾದ. ಬೈದುಬಿಟ್ಟಿದ್ದರೆ, ಈ ಲೋಟ ಕಿತ್ತು ಮುಖಕ್ಕೆ ಎರಚಿದ್ದರೆ, ಅವನು ಒರೆಸಿಕೊಂಡು ಕೂತಿರುತ್ತಿದ್ದ, ಎಲ್ಲ ಹಳೆಯ ಹಾಗೆಯೇ ಆಗುತ್ತಿತ್ತು. ಬೈಗುಳ ಬರಲಿಲ್ಲ. ಜೇಬೆಜನ ದನಿ ಅವನು ಎಂದೂ ಕೇಳಿರದಷ್ಟು ಮೆಲ್ಲಗಿತ್ತು.

"ಒಂದು ಕೇಳ್ತೀನಿ. ನಿಜ ಹೇಳು. ಅಗೆಯೋವಾಗ ಅತ್ತ್ಯಾ?"

ನಿಜ ಹೇಳಬಹುದಿತ್ತು. ಈಗಲಾದರೂ, ಈ ಒಂದನ್ನಾದರೂ. ಇಲ್ಲ, ಸಿಳ್ಳೆ ಹಾಕುತ್ತಿದ್ದೆ, ಅಮ್ಮ ಹಾಪ್ ತೋಟದಲ್ಲಿ ಗುನುಗುತ್ತಿದ್ದ ಅದೇ ರಾಗ, ಅರ್ನಿ ಹ್ಯಾಕೆಟನನ್ನು ಕೇಳು, ಕೊನೆಯ ಏರನ್ನು ಕೂಡ ಬಿಡಲಿಲ್ಲ. ತುಟಿಯವರೆಗೆ ಬಂತು. ತಲೆಯೆತ್ತಿದಾಗ ಅಣ್ಣ ತನ್ನನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ದೊಡ್ಡವನ ಗತ್ತಿರಲಿಲ್ಲ, ಲೋಟಕ್ಕೆ ತುಟಿ ಚಾಚಿದಾಗಿನ ಬೇಡಿಕೆಯೊಂದೇ ಇತ್ತು.

"ಅತ್ತೆ ಕಣೋ," ಎಂದ ಸಿರಿಲ್. "ತುಂಬಾ ಅತ್ತೆ."

"ನೀನಾ?"

"ಫೋರ್ಕು ಕಾಣದಷ್ಟು."

ಹಾಗೆ ಸೇರಿಸಿದ್ದು ಯಾಕೆಂದು ಅವನಿಗೇ ಗೊತ್ತಾಗಲಿಲ್ಲ. ಆದರೆ ಜೇಬೆಜನ ಮುಖ ಅರಳಿತು. ನಗಲು ಹೋಗಿ ಕೆಮ್ಮಿದ, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು, ಕೆಮ್ಮು ನಿಂತಮೇಲೂ ನೀರು ನಿಲ್ಲಲಿಲ್ಲ. "ಅಮ್ಮ ಹೋದಾಗ್ಲೂ ಅಳದೋನು! ಹಿಲ್ಡಾ! ಏ ಹಿಲ್ಡಾ! ಇಲ್ಬಾ, ಕೇಳಿಲ್ಲಿ. ನಮ್ ಮರಿ ನಂಗೋಸ್ಕರ ಅತ್ನಂತೆ! ತೋಟದ ಮಧ್ಯ ನಿಂತ್ಕೊಂಡು, ಫೋರ್ಕು ಹಿಡ್ಕೊಂಡು!" ಹಿಲ್ಡಾ ಓಡಿಬಂದು, ಏನು ಎತ್ತ ಎಂದು ಪೂರ್ತಿ ತಿಳಿಯದೆಯೇ ಸಿರಿಲನ ತಲೆಯನ್ನು ತನ್ನ ಏಪ್ರನ್ನಿಗೆ ಒತ್ತಿ ಹಿಡಿದಳು. ಬೇಕನ್ನಿನ ವಾಸನೆ, ಸೋಪಿನ ವಾಸನೆ. ಅವನು ಉಸಿರು ಬಿಗಿಹಿಡಿದು ಅಲ್ಲಿಯೇ ಇದ್ದ. "ಇಟ್ಕೋ," ಎನ್ನುತ್ತಿದ್ದ ಜೇಬೆಜ್, "ಗೋಡೆ ಮೇಲೇ ಇರ್ಲಿ, ನಿಂದೇ ಅದು. ಹಾಕು ಇನ್ನೊಂದು. ನೀನೂ ಹಾಕ್ಕೋ." ಇಬ್ಬರೂ ಕುಡಿದರು. ಎರಡನೆಯ ಲೋಟವನ್ನು ಜೇಬೆಜ್ ತಾನೇ ಹಿಡಿದುಕೊಂಡ. ಅಮ್ಮನ ಕೈಯದಕ್ಕಿಂತ ಚೆನ್ನಾಗಿದೆ, ಎಂದ. ಅಣ್ಣ ತನ್ನನ್ನು ಹೊಗಳಿದ್ದು ಸಿರಿಲನ ನೆನಪಿನಲ್ಲಿ ಅದೇ ಮೊದಲು. ಬಾಯಲ್ಲಿದ್ದ ಬಿಯರಿಗೆ ಯಾವ ರುಚಿಯೂ ಇರಲಿಲ್ಲ.

ವಾಪಸು ಬರುವಾಗ ಅವನು ತೋಟದ ದಾರಿ ಬಿಟ್ಟು ಕಾಲುವೆಯ ಆಚೆ ದಡದಿಂದ ಬಂದ, ಅರ್ನಿ ಕಂಡುಬಿಟ್ಟಾನೆಂದು. ಅಣ್ಣನ ಸಾವಿಗೆ ಅರ್ನಿ ಬಂದೇ ಬರುತ್ತಾನೆ. ಬದುಕಿದ್ದಾಗ ಮಾತು ಬಿಟ್ಟವರು ಸತ್ತಾಗ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ತಮ್ಮ ಅತ್ತನೆಂದು ಹಿಲ್ಡಾ ಎಲ್ಲರಿಗೂ ಹೇಳುತ್ತಾಳೆ, ಚಾಪೆಲ್ಲಿನ ಹಿಂದಿನ ಕೋಣೆಯಲ್ಲಿ ಹ್ಯಾಮ್ ಹಂಚುತ್ತಾ ಹೇಳುತ್ತಾಳೆ. ಅರ್ನಿ ತಟ್ಟೆ ಹಿಡಿದುಕೊಂಡು ಕೇಳಿಸಿಕೊಳ್ಳುತ್ತಾನೆ. ಇಟ್ಟಿಗೆ ಸೇತುವೆಯ ಕೆಳಗೆ ಬಂದಾಗ ಸಿರಿಲ್ ನಿಂತ. ಹಿಂದೆ ಮುಂದೆ ಯಾರೂ ಇರಲಿಲ್ಲ. ಖಾಲಿ ಬಾಟಲಿಗಳ ಚೀಲವನ್ನು ನೆಲಕ್ಕಿಟ್ಟು, ಟೋಪಿ ತೆಗೆದು, ಅವನು ಅಳಲು ನೋಡಿದ. ಏಳು ತಿಂಗಳು ತಡವಾದರೂ ಒಮ್ಮೆ ಅತ್ತುಬಿಟ್ಟರೆ ಹೇಳಿದ್ದು ಸುಳ್ಳಾಗುವುದಿಲ್ಲ ಎನ್ನಿಸಿತ್ತು. ಅಣ್ಣನ ನೀಲಿ ಉಗುರುಗಳನ್ನು ನೆನೆದ. ಮೀಸೆಯ ಮೇಲಿನ ನೊರೆಯನ್ನು ನೆನೆದ. ಅಮ್ಮನನ್ನು ನೆನೆದ. ಮುಖ ಕಿವುಚಿದ, ಕಣ್ಣು ಬಿಗಿಯಾಗಿ ಮುಚ್ಚಿದ. ಏನೂ ಬರಲಿಲ್ಲ. ಒಂದು ಬಾತುಕೋಳಿ ಅವನನ್ನು ದಾಟಿಕೊಂಡು ಈಜಿಹೋಯಿತು. ಟೋಪಿ ಹಾಕಿಕೊಂಡು, ಚೀಲ ಎತ್ತಿಕೊಂಡು ಮನೆಗೆ ನಡೆದ.

ಎಡ್ನಾ ಬಾಗಿಲಲ್ಲೇ ನಿಂತಿದ್ದಳು. "ಕುಡಿದನಾ?"

"ಎರಡು ಲೋಟ."

"ಹೇಳ್ದೆ ತಾನೆ?"

"ಗೊತ್ತಾಯ್ತು ಅವನಿಗೆ. ನೀನೇ ಇಟ್ಕೋ ಅಂದ."

"ಬೇಜಾರು ಮಾಡ್ಕೊಳ್ಳಲಿಲ್ವಾ?"

"ಇಲ್ಲ. ಖುಷಿಪಟ್ಟ."

"ಅಯ್ಯೋ ದೇವ್ರೇ," ಎಂದಳು ಎಡ್ನಾ. "ಎಷ್ಟು ದೊಡ್ಡ ಮನಸ್ಸು ನೋಡು ಅವನದು." ಅಡುಗೆಮನೆಯ ಕುರ್ಚಿಯ ಮೇಲೆ ಕೂತು ಅವಳು ಅಳತೊಡಗಿದಳು, ಯಾವಾಗಲೂ ಅಳುವ ಹಾಗೆ, ಸಲೀಸಾಗಿ, ನಾಚಿಕೆಯಿಲ್ಲದೆ. ಸಿರಿಲ್ ಕೋಟು ಕೂಡ ಬಿಚ್ಚದೆ ಎದುರಿನ ಕುರ್ಚಿಯಲ್ಲಿ ಕೂತು ಅವಳನ್ನು ನೋಡಿದ. ಸಮಾಧಾನ ಮಾಡಬೇಕೆಂದು ಅವನಿಗೆ ಹೊಳೆಯಲಿಲ್ಲ. ಅವಳ ಗದ್ದ ಮೊದಲು ನಡುಗಿತು, ಆಮೇಲೆ ಕೆಳತುಟಿ ಒಳಗೆ ಹೋಯಿತು, ಹುಬ್ಬುಗಳ ನಡುಭಾಗ ಮೇಲಕ್ಕೇರಿತು, ನೀರು ಬಂದದ್ದು ಅವೆಲ್ಲ ಆದಮೇಲೆ. ಒಂದೊಂದನ್ನೂ ಅವನು ಗಮನವಿಟ್ಟು ನೋಡಿಕೊಂಡ. ಅಣ್ಣನಿಗೆ ಹೆಚ್ಚು ದಿನ ಉಳಿದಿಲ್ಲ. ಆಗ ಚಾಪೆಲ್ಲಿನಲ್ಲಿ ಎಲ್ಲರೂ ತನ್ನ ಮುಖವನ್ನೇ ನೋಡುತ್ತಿರುತ್ತಾರೆ.